ಹೈಸ್ಕೂಲ್ ಮಕ್ಕಳಿಗೆ ಕಥೆ ಬರೆಯಲು ಕಲಿಸುವುದಕ್ಕೆ ಯಾವ ಉಚಿತ ಆನ್‌ಲೈನ್ ಟೂಲ್‌ಗಳು ನಿಜವಾಗಿ ಉಪಯೋಗಕ್ಕೆ ಬರುತ್ತವೆ?

ಒಂಬತ್ತು, ಹತ್ತನೇ ತರಗತಿಗೆ ಕಥನ ಬರವಣಿಗೆ ಕಲಿಸಬೇಕು, ಟೂಲ್‌ಗೆ ಕಾಸು ಖರ್ಚಾಗಬಾರದು, ಕಂಪ್ಯೂಟರ್‌ಗಳು ಬೇರೆ ಕಡಿಮೆ ಎಂದಿದ್ದೀರಿ. ಕೊನೆಗೆ, 'ಬರೆದದ್ದನ್ನು ತಿದ್ದಿ ಬರೆಯಿರಿ ಅಂದರೆ ಮಕ್ಕಳು ಒಪ್ಪುವುದೇ ಇಲ್ಲ' ಎಂದೂ ಒಂದು ಸಾಲು ಸೇರಿಸಿದ್ದೀರಿ. ನನ್ನ ಮಟ್ಟಿಗೆ ನಿಮ್ಮ ಅಸಲಿ ಪ್ರಶ್ನೆ ಆ ಕೊನೆಯ ಸಾಲೇ.

ನಾನೂ ಭಾಷೆ ಕಲಿಸುವ ಮೇಷ್ಟ್ರು. ಯಾವುದೇ ಟೂಲ್ ಕಂಡರೂ ಮೊದಲು ನೋಡುವುದು ಒಂದನ್ನೇ: ಇದರಿಂದ ತಿದ್ದುವುದು ಸುಲಭವಾಗುತ್ತದೋ, ಇಲ್ಲವೋ? ಕಾಮಿಕ್ಸ್ ಮಾಡಿಕೊಡುವ, ಪುಟ ಮಗುಚುವ ಡಿಜಿಟಲ್ ಪುಸ್ತಕ ಮಾಡಿಕೊಡುವ ಆ್ಯಪ್‌ಗಳು ಇಲ್ಲೇ ಫೇಲಾಗುತ್ತವೆ. ಮೊದಲ ಕರಡಿಗೇ ಮುಖಪುಟ, ಬಣ್ಣ, ಚೆಂದದ ಫಾಂಟ್ ಸಿಕ್ಕಿಬಿಟ್ಟ ಮೇಲೆ ಹುಡುಗ ಅದನ್ನು ಮತ್ತೆ ಯಾಕೆ ಮುಟ್ಟುತ್ತಾನೆ? ಪೀರಿಯಡ್ಡಿನ ಮುಕ್ಕಾಲು ಪಾಲು ನಾಯಕನ ಅಂಗಿಯ ಬಣ್ಣ ಆರಿಸುವುದರಲ್ಲೇ ಮುಗಿದಿರುತ್ತದೆ, ಕಥೆ ಮಾತ್ರ ನಾಲ್ಕು ಸಾಲು.

ಹಾಗಾಗಿ ಅತ್ಯಂತ ಸಪ್ಪೆಯಾದ ಟೂಲ್‌ನಿಂದ ಶುರು ಮಾಡಿ: ಗೂಗಲ್ ಡಾಕ್ಸ್. ಅದರಲ್ಲಿ ನಿಮಗೆ ಬೇಕಾಗಿರುವುದು ಎರಡೇ, ಕಾಮೆಂಟ್ ಮತ್ತು ವರ್ಷನ್ ಹಿಸ್ಟರಿ (ಹಳೆಯ ಕರಡುಗಳ ದಾಖಲೆ).

ಕಾಮೆಂಟ್‌ಗೆ ನನ್ನ ತರಗತಿಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ಹೊಗಳಿಕೆ ಬೇಡ, ತೆಗಳಿಕೆ ಬೇಡ, ಪ್ರಶ್ನೆ ಮಾತ್ರ ಕೇಳಬೇಕು. ಒಬ್ಬ ಹುಡುಗ ಬರೆದದ್ದು ಹೀಗಿತ್ತು: 'ಕರೆಂಟ್ ಹೋಯಿತು. ರವಿಗೆ ತುಂಬಾ ಭಯವಾಯಿತು. ಅವನು ಅಲ್ಲಿಂದ ಓಡಿಹೋದನು.' ಪಕ್ಕದ ಬೆಂಚಿನವಳು ಕಾಮೆಂಟ್ ಹಾಕಿದಳು: 'ಕತ್ತಲಲ್ಲಿ ಅವನ ಕೈ ಏನು ಮಾಡುತ್ತಿತ್ತು?' ಅಷ್ಟೇ. ಅವನು ತಿದ್ದಿದ್ದು: 'ಕರೆಂಟ್ ಹೋಯಿತು. ರವಿ ಗೋಡೆ ಸವರುತ್ತಾ ಸ್ವಿಚ್ ಹುಡುಕಿದ. ಬೆರಳಿಗೆ ಇನ್ನೊಂದು ಕೈ ತಗುಲಿತು.' ನಾನು ಬೋರ್ಡಿನ ಮೇಲೆ 'ಭಾವನೆಯನ್ನು ಹೇಳಬೇಡಿ, ತೋರಿಸಿ' ಎಂದು ಎಷ್ಟು ಸಲ ಬರೆದಿದ್ದರೂ ಆ ಮೂರನೇ ವಾಕ್ಯ ಬರುತ್ತಿರಲಿಲ್ಲ. ಮೇಷ್ಟ್ರ ಕೆಂಪು ಇಂಕಿಗೆ ಅಂಜುವ ಮಕ್ಕಳು ಗೆಳತಿಯ ಪ್ರಶ್ನೆಗೆ ಉತ್ತರ ಕೊಡದೆ ಬಿಡುವುದಿಲ್ಲ.

ಡಾಕ್ಸ್‌ನಲ್ಲೇ, ಬೇರೆಯವರ ಬರಹದೊಳಗೇ ತಿದ್ದುಪಡಿ ಸೂಚಿಸಲು ಇರುವ ಸಜೆಸ್ಟಿಂಗ್ ಮೋಡ್ ಅನ್ನು ಮಾತ್ರ ಆರಂಭದಲ್ಲಿ ಮಕ್ಕಳಿಗೆ ತೋರಿಸಲೇಬೇಡಿ. ಅದು ಸಿಕ್ಕ ಕೂಡಲೇ ಎಲ್ಲರೂ ಕಾಗುಣಿತದ ಪೊಲೀಸರಾಗುತ್ತಾರೆ, ಕಥೆ ಯಾರಿಗೂ ಕಾಣಿಸುವುದಿಲ್ಲ.

ಇನ್ನು ವರ್ಷನ್ ಹಿಸ್ಟರಿ. ಫೈಲ್ ಮೆನುವಿನಲ್ಲಿ ಸಿಗುತ್ತದೆ. ಯಾವ ದಿನ ಏನು ಸೇರಿತು, ಏನು ಅಳಿಸಿಹೋಯಿತು ಎಂಬುದನ್ನು ಬಣ್ಣದಲ್ಲಿ ತೋರಿಸುತ್ತದೆ. ಪ್ರತಿ ಹಂತಕ್ಕೂ 'ಕರಡು 1', 'ಕರಡು 2' ಎಂದು ಹೆಸರು ಕೊಡಿಸಿ. ಅಳಿಸಿದ್ದು ಎಲ್ಲಿಗೂ ಹೋಗುವುದಿಲ್ಲ, ಬೇಕೆಂದಾಗ ವಾಪಸ್ ತರಬಹುದು ಎಂಬುದು ಖಾತ್ರಿಯಾದ ಮೇಲೆ ಮಕ್ಕಳು ಇಡೀ ಪ್ಯಾರಾವನ್ನೇ ಧೈರ್ಯವಾಗಿ ಕಿತ್ತುಹಾಕುತ್ತಾರೆ. ನೋಟ್‌ಬುಕ್ಕಿನಲ್ಲಿ ಅದು ಆಗದ ಮಾತು. ಅಲ್ಲಿ ತಿದ್ದುವುದೆಂದರೆ ಮತ್ತೆ ಎರಡು ಪುಟ ಕೈನೋವು.

ಎಐ ಬರೆದುಕೊಟ್ಟ ಕಥೆ ತಂದರೆ ಏನು ಮಾಡುವುದು ಎಂದು ನೀವು ಕೇಳಿಲ್ಲ, ಆದರೆ ಖಂಡಿತ ಎದುರಾಗುತ್ತದೆ. ಪತ್ತೆಹಚ್ಚುವ ಸಾಫ್ಟ್‌ವೇರ್‌ಗಳನ್ನು ನಂಬಿ ಯಾವ ಮಗುವಿನ ಮೇಲೂ ಆರೋಪ ಹೊರಿಸಬೇಡಿ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಅಂಥದ್ದೊಂದು ಟೂಲ್ ಬಿಟ್ಟು, ನಿಖರತೆ ಸಾಲದೆಂದು ಅದೇ ವರ್ಷದ ಜುಲೈನಲ್ಲಿ ಹಿಂತೆಗೆದುಕೊಂಡಿತು. ಅದಕ್ಕಿಂತ ಹಿಸ್ಟರಿ ತೆರೆದು ಮಗುವಿನ ಪಕ್ಕ ಕೂತು, 'ಈ ವಾಕ್ಯ ಯಾಕೆ ತೆಗೆದೆ?' ಎಂದು ಕೇಳಿ. ಬರೆದವರಿಗೆ ಹೇಳಲು ಏನಾದರೂ ಇದ್ದೇ ಇರುತ್ತದೆ. ಇಡೀ ಕಥೆ ಒಂದೇ ಕ್ಷಣದಲ್ಲಿ ಬಂದು ಬಿದ್ದಿದ್ದರೆ ಅದೂ ಕಾಣುತ್ತದೆ. ಕಾಗದದಲ್ಲಿ ಬರೆದು ಆಮೇಲೆ ಟೈಪ್ ಮಾಡಿಕೊಂಡವರೂ ಇರುತ್ತಾರೆ, ದುಡುಕಬೇಡಿ.

ಟೈಪಿಂಗ್ ಬಾರದವರಿಗೆ ಡಾಕ್ಸ್‌ನ ಟೂಲ್ಸ್ ಮೆನುವಿನಲ್ಲಿ ವಾಯ್ಸ್ ಟೈಪಿಂಗ್ ಇದೆ, ಕನ್ನಡವೂ ನಡೆಯುತ್ತದೆ. ತಪ್ಪು ಕೇಳಿಸಿಕೊಂಡು ತಮಾಷೆಯ ಪದಗಳನ್ನು ಹಾಕುವುದುಂಟು. ಆದರೂ ಬಾಯಲ್ಲಿ ಅರಳು ಹುರಿದಂತೆ ಮಾತಾಡಿ, ಪೆನ್ನು ಹಿಡಿದರೆ ಕಲ್ಲಾಗುವ ಮಕ್ಕಳಿರುತ್ತಾರಲ್ಲ, ಅವರಿಗೆ ಇದೇ ದಾರಿ. ಮೊದಲು ಕಥೆ ಹೇಳಲಿ, ಆಮೇಲೆ ವಾಕ್ಯ ಎಲ್ಲಿ ಮುಗಿಯುತ್ತದೆಂದು ಹುಡುಕಿ ಪೂರ್ಣವಿರಾಮ ಅವರೇ ಇಡಲಿ. ವ್ಯಾಕರಣದ ಪಾಠವೂ ಅಲ್ಲೇ ಆಗಿಹೋಗುತ್ತದೆ.

ಎರಡನೆಯದು ಟ್ವೈನ್. ನನಗೆ ಇದರ ಮೇಲೆ ಸ್ವಲ್ಪ ಹೆಚ್ಚೇ ಪ್ರೀತಿ, ಮೊದಲೇ ಹೇಳಿಬಿಡುತ್ತೇನೆ. ಕ್ರಿಸ್ ಕ್ಲೈಮಸ್ ಎಂಬುವರು 2009ರಲ್ಲಿ ಹೊರತಂದ, ಮುಕ್ತ ತಂತ್ರಾಂಶವಾಗಿರುವ ಈ ಟೂಲ್‌ಗೆ ದುಡ್ಡೂ ಬೇಡ, ಅಕೌಂಟೂ ಬೇಡ, ಬ್ರೌಸರ್ ಇದ್ದರೆ ಸಾಕು. ಓದುವವರೇ ದಾರಿ ಆರಿಸಿಕೊಳ್ಳುವ ಕವಲು ಕಥೆಗಳನ್ನು ಇದರಲ್ಲಿ ಕಟ್ಟಬಹುದು. ಪ್ರತಿ ತುಣುಕೂ ಒಂದು ಚೌಕ. ಒಂದು ಪದದ ಆಚೀಚೆ ಎರಡೆರಡು ಚೌಕಾವರಣ ಹಾಕಿ [[ಬಾಗಿಲು ತೆರೆ]] ಎಂದು ಬರೆದರೆ ಆ ಹೆಸರಿನ ಹೊಸ ಚೌಕ ಹುಟ್ಟಿ, ನಡುವೆ ಬಾಣ ಮೂಡುತ್ತದೆ. ಕೋಡಿಂಗ್ ಅಂತ ಕಲಿಯಬೇಕಾದದ್ದು ಸದ್ಯಕ್ಕೆ ಅಷ್ಟೇ.

ಕಥನ ಕಲಿಸಲು ಇದು ಯಾಕೆ ಬೇಕು? ಮಕ್ಕಳ ಕಥೆಗಳು ಸಾಮಾನ್ಯವಾಗಿ 'ಆಮೇಲೆ, ಆಮೇಲೆ' ಎಂದು ಸಾಗುತ್ತವೆ. ಯಾವುದೂ ಯಾವುದಕ್ಕೂ ಕಾರಣವಲ್ಲ. ಟ್ವೈನ್‌ನಲ್ಲಿ ಒಬ್ಬಳು 'ಪತ್ರ ಓದು', 'ಪತ್ರ ಹರಿದುಹಾಕು' ಎಂದು ಎರಡು ಕವಲು ಮಾಡಿ, ಎರಡನ್ನೂ ಒಂದೇ ಚೌಕಕ್ಕೆ ಸೇರಿಸಿಬಿಟ್ಟಳು. ಆಟ ಆಡಿದ ಗೆಳತಿಯರು ಸುಮ್ಮನೆ ಬಿಡಲಿಲ್ಲ: 'ಹರಿದರೂ ಅದೇ, ಓದಿದರೂ ಅದೇ ಅಂದಮೇಲೆ ನಮ್ಮನ್ನು ಯಾಕೆ ಕೇಳಿದೆ?' ಪಾತ್ರದ ತೀರ್ಮಾನಕ್ಕೆ ಬೆಲೆ ತೆರಬೇಕು ಎನ್ನುವುದನ್ನು ಅವಳಿಗೆ ಯಾರೂ ಪಾಠ ಮಾಡಬೇಕಾಗಲಿಲ್ಲ. ಆದರೆ ಕಡಿವಾಣ ಇರಲಿ: ಆರೇಳು ಚೌಕ, ಎರಡು ಅಂತ್ಯ, ಅದಕ್ಕಿಂತ ಹೆಚ್ಚು ಬೇಡ. ಇಲ್ಲದಿದ್ದರೆ ಕವಲುಗಳ ಕಾಡು ಬೆಳೆದು ಯಾವ ಕಥೆಯೂ ಮುಗಿಯುವುದಿಲ್ಲ. ಎಲ್ಲ ಆದಮೇಲೆ ಒಂದು ದಾರಿಯನ್ನು ಆರಿಸಿಕೊಂಡು, ಅದನ್ನು ನೇರ ಕಥೆಯಾಗಿ ಡಾಕ್ಸ್‌ನಲ್ಲಿ ಬರೆಯಲು ಹೇಳಿ. ಕಲಿಕೆ ಇರುವುದು ಆ ಕೊನೆಯ ಹೆಜ್ಜೆಯಲ್ಲಿ.

ಒಂದು ಎಚ್ಚರಿಕೆ. ಬ್ರೌಸರ್‌ನಲ್ಲಿ ಬಳಸುವಾಗ ಟ್ವೈನ್ ಕಥೆಯನ್ನು ಆ ಬ್ರೌಸರ್‌ನೊಳಗೇ ಉಳಿಸುತ್ತದೆ. ಲ್ಯಾಬಿನಲ್ಲಿ ಯಾರಾದರೂ ಬ್ರೌಸರ್ ಡೇಟಾ ಅಳಿಸಿದರೆ ಕಥೆಯೂ ಹೋಯಿತು. ಪೀರಿಯಡ್ ಮುಗಿಯುವ ಮುನ್ನ ಫೈಲ್ ಆಗಿ ಇಳಿಸಿಟ್ಟುಕೊಳ್ಳುವ ಅಭ್ಯಾಸ ಮಾಡಿಸಿ.

ಬರೆದದ್ದನ್ನು ಓದುವವರು ಬೇಕಲ್ಲ? ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಎಂಬ ಕಥೆಗಳ ಜಾಲತಾಣದಲ್ಲಿ ಮುಕ್ತ ಪರವಾನಗಿಯ ಚಿತ್ರಗಳು ರಾಶಿ ರಾಶಿ ಇವೆ. ಅವನ್ನು ಬಳಸಿ ದೊಡ್ಡ ಮಕ್ಕಳು ಪುಟ್ಟ ಮಕ್ಕಳಿಗಾಗಿ ಕಥೆ ಬರೆಯಲಿ. ಚಿತ್ರ ಬರೆದವರ ಹೆಸರು ಹಾಕುವುದನ್ನು ಮಾತ್ರ ಮರೆಯಬಾರದು. ಕಥಾಹಂದರದ ನಕ್ಷೆ ಬಿಡಿಸುವ ಟೂಲ್‌ಗಳು ಬೇಕಾದಷ್ಟು ಸಿಗುತ್ತವೆ. ಅವುಗಳಲ್ಲಿ ಹೆಚ್ಚಿನವು 1863ರಲ್ಲಿ ಜರ್ಮನ್ ಲೇಖಕ ಗುಸ್ತಾವ್ ಫ್ರೈಟಾಗ್ ನಾಟಕಗಳ ವಿಶ್ಲೇಷಣೆಗೆಂದು ಮಾಡಿದ ಏರಿಳಿತದ ನಕ್ಷೆಯ ಮೊಮ್ಮಕ್ಕಳು. ಬರೆದು ಮುಗಿದ ಕಥೆಯನ್ನು ಬಿಡಿಸಿ ನೋಡಲು ಪರವಾಗಿಲ್ಲ. ಬರೆಯುವ ಮೊದಲೇ ಕೊಟ್ಟರೆ ಮಕ್ಕಳು ಖಾಲಿ ಜಾಗ ತುಂಬಿ ಕೈತೊಳೆದುಕೊಳ್ಳುತ್ತಾರೆ.

ಕಂಪ್ಯೂಟರ್ ಕಡಿಮೆ ಇದ್ದರೆ ಮೊದಲ ಕರಡು ಕಾಗದದಲ್ಲೇ ಆಗಲಿ. ಒಂದು ಪ್ಯಾರಾ, ಅದೂ ಕಥೆಯ ಅತ್ಯಂತ ಮುಖ್ಯ ಗಳಿಗೆ, ಅಷ್ಟನ್ನು ಮಾತ್ರ ಸ್ಕ್ರೀನಿಗೆ ತಂದು ಮೂವರು ಸೇರಿ ತಿದ್ದಲಿ. ಒಂದು ಪ್ಯಾರಾ ಚೆನ್ನಾಗಿ ತಿದ್ದಿದವರು ಉಳಿದದ್ದನ್ನು ಕಾಗದದಲ್ಲೂ ತಿದ್ದಬಲ್ಲರು.

ಉಚಿತ ಟೂಲ್‌ಗಳು ಹೇಳದೆ ಕೇಳದೆ ಕಾಸು ಕೇಳಲು ಶುರು ಮಾಡುತ್ತವೆ, ಇಲ್ಲವೇ ಮುಚ್ಚಿಹೋಗುತ್ತವೆ. ಎಷ್ಟೋ ಶಿಕ್ಷಕರು ನೆಚ್ಚಿಕೊಂಡಿದ್ದ ಗೂಗಲ್‌ನ ಆನ್‌ಲೈನ್ ಬಿಳಿಹಲಗೆ ಜಾಮ್‌ಬೋರ್ಡ್ 2024ರ ಡಿಸೆಂಬರ್ 31ಕ್ಕೆ ನಿಂತುಹೋಯಿತು. ತಿಂಗಳೊಂದರಲ್ಲಿ ಕಾದಂಬರಿ ಬರೆಯುವ ಸವಾಲಿಗೆ ಹೆಸರಾಗಿ, ಯುವ ಬರಹಗಾರರಿಗೂ ಕಾರ್ಯಕ್ರಮ ನಡೆಸುತ್ತಿದ್ದ ನ್ಯಾನೊರೈಮೊ ಸಂಸ್ಥೆ ತಾನು ಮುಚ್ಚುವುದಾಗಿ 2025ರ ಮಾರ್ಚ್ ಕೊನೆಯಲ್ಲಿ ಘೋಷಿಸಿತು. ಆದ್ದರಿಂದ ವರ್ಷಕ್ಕೆ ಎರಡೇ ಟೂಲ್ ಸಾಕು. ತಿಂಗಳಿಗೊಮ್ಮೆ ಎಲ್ಲರ ಬರಹವನ್ನೂ ಡೌನ್‌ಲೋಡ್ ಮಾಡಿ ಫೋಲ್ಡರ್‌ನಲ್ಲಿ ಇಟ್ಟುಕೊಳ್ಳಿ.

ಅಂಕದ ವಿಷಯಕ್ಕೆ ಬಂದರೆ, ಅರ್ಧ ಅಂಕವನ್ನು ಕೊನೆಯ ಕಥೆಗೆ ಕೊಡಿ, ಇನ್ನರ್ಧವನ್ನು ಕರಡು 1 ಮತ್ತು ಕರಡು 2ರ ನಡುವಿನ ವ್ಯತ್ಯಾಸಕ್ಕೆ. ಜೊತೆಗೆ 'ನಾನು ಬದಲಿಸಿದ ಒಂದು ಜಾಗ, ಯಾಕೆ ಬದಲಿಸಿದೆ' ಎಂದು ಮೂರು ಸಾಲು ಬರೆಸಿ. ತಿದ್ದುವುದಕ್ಕೂ ಅಂಕ ಉಂಟೆಂದು ಗೊತ್ತಾದ ದಿನ ನಿಮ್ಮ ತರಗತಿಯಲ್ಲಿ 'ಮತ್ತೆ ಬರೀಬೇಕಾ ಸಾರ್?' ಎನ್ನುವವರ ಸಂಖ್ಯೆ ಅರ್ಧಕ್ಕಿಳಿಯುತ್ತದೆ. ಉಳಿದರ್ಧ ಕೇಳುತ್ತಲೇ ಇರುತ್ತಾರೆ ಬಿಡಿ.