ತುಮಕೂರಿನ ಹಾಸ್ಟೆಲ್‌ಗೆ ತುರ್ತು ಸಮಯದ ಪ್ಲಾನ್ ಬರೆಯಬೇಕು, ಎಲ್ಲಿಂದ ಶುರು ಮಾಡಲಿ?

ನಿಮ್ಮನ್ನು ಹಾಸ್ಟೆಲ್ ಪ್ರತಿನಿಧಿ ಮಾಡಿ, ಬೆಂಕಿ-ಗಿಂಕಿ ಬಿದ್ದರೆ ಏನು ಮಾಡಬೇಕು ಅಂತ ಬರೆದುಕೊಡಿ ಎಂದಿದ್ದಾರೆ, ಅಲ್ವಾ? ಬೀಗದಿಂದ ಶುರು ಮಾಡಿ. ಯಾವ ಬಾಗಿಲಿಗೆ ರಾತ್ರಿ ಬೀಗ ಬೀಳುತ್ತದೆ, ಕೀ ಯಾರ ಜೇಬಿನಲ್ಲಿ ಇರುತ್ತದೆ ಅನ್ನೋದೇ ಮೊದಲ ಪ್ರಶ್ನೆ.

ನಾನೂ ತುಮಕೂರಿನಲ್ಲೇ ಓದಿದವನು. ಶಿವರಾತ್ರಿ ಸಮಯ, ಸಿದ್ಧಗಂಗೆ ಜಾತ್ರೆ ನಡೆಯುತ್ತಿತ್ತು. ಎರಡನೇ ಮಹಡಿಯ ಹುಡುಗನೊಬ್ಬ ಪ್ಲಾಸ್ಟಿಕ್ ಬಕೆಟ್‌ನಲ್ಲಿ ನೀರು ಕಾಯಿಸೋ ರಾಡ್ ಇಟ್ಟು ಮಲಗಿಬಿಟ್ಟ. ನೀರೆಲ್ಲ ಆವಿಯಾಗಿ, ಬಕೆಟ್ ಕರಗಿ, ಪಕ್ಕದ ಹಾಸಿಗೆ ಹತ್ತಿಕೊಂಡಿತು. ಬೆಂಕಿ ಸಣ್ಣದೇ. ಆದರೆ ಹೊಗೆ ಮೆಟ್ಟಿಲ ತುಂಬಾ. ಟೆರೇಸ್ ಬಾಗಿಲಿಗೆ ಬೀಗ. ಹಿಂದಿನ ಗೇಟಿಗೂ ಬೀಗ. ಕೀ ಇದ್ದ ವಾಚ್‌ಮನ್ ಟೀ ಕುಡಿಯಲು ಹೋಗಿದ್ದ.

ಹೇಗೋ ಕೆಮ್ಮುತ್ತಾ ಎಲ್ಲರೂ ಕೆಳಗೆ ಬಂದೆವು. ಎಣಿಸಿದರೆ ಮೂವರು ಕಮ್ಮಿ! ಅವರನ್ನು ಹುಡುಕಲು ನನ್ನ ರೂಮ್‌ಮೇಟ್ ಒದ್ದೆ ಟವೆಲ್ ಸುತ್ತಿಕೊಂಡು ಎರಡು ಸಲ ಒಳಗೆ ಹೋಗಿ ಬಂದ. ಆ ಮೂವರು ಆರಾಮಾಗಿ ಜಾತ್ರೆಯಲ್ಲಿದ್ದರು. ರಿಜಿಸ್ಟರ್‌ನಲ್ಲಿ ಮಾತ್ರ ರೂಮಿನಲ್ಲೇ ಇದ್ದರು. ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ.

ಅದಕ್ಕೇ ಎರಡನೆಯದು ಲೆಕ್ಕ. ಮಹಡಿಗೆ ಒಬ್ಬರಂತೆ ಜವಾಬ್ದಾರಿ ಕೊಡಿ. ರಾತ್ರಿ ಯಾರು ಇದ್ದಾರೆ, ಯಾರು ಊರಿಗೆ ಹೋಗಿದ್ದಾರೆ ಅಂತ ಅವರ ಹತ್ತಿರ ಪೇಪರ್ ಮೇಲೆ ಇರಲಿ. ವಾಟ್ಸಾಪ್ ಸಾಲದು, ಫೋನ್ ರೂಮಿನಲ್ಲೇ ಉಳಿದಿರುತ್ತದೆ. ಹೇಳದೆ ಹೋದವರನ್ನು ಬೈಯಬೇಡಿ ಅಂತ ವಾರ್ಡನ್‌ಗೂ ಹೇಳಿ. ಬೈದರೆ ಮುಂದಿನ ಸಲವೂ ಹೇಳುವುದಿಲ್ಲ. ಹೊರಗೆ ಬಂದು ಎಲ್ಲಿ ನಿಲ್ಲಬೇಕು ಅನ್ನೋದೂ ಒಂದೇ ಜಾಗ ಇರಲಿ. ನಮಗೆ ಗೇಟಿನಾಚೆ ಒಂದು ಹೊಂಗೆ ಮರ ಇತ್ತು.

ರಾಡ್ ವಿಷಯ: 1500 ವ್ಯಾಟ್‌ನ ರಾಡ್ ಸುಮಾರು ಆರೂವರೆ ಆಂಪಿಯರ್ ಎಳೆಯುತ್ತದೆ. ರೂಮಿನ ಸಣ್ಣ ಪ್ಲಗ್ಗು, ಅಗ್ಗದ ಎಕ್ಸ್‌ಟೆನ್ಷನ್ ಬೋರ್ಡು ಇರೋದು 6 ಆಂಪಿಯರ್‌ಗೆ. ಸುಮ್ನೆ ನಿಷೇಧ ಅಂತ ಬೋರ್ಡ್ ಹಾಕಿದರೆ ಕದ್ದು ಇಡುತ್ತಾರೆ. ಬೆಳಗ್ಗೆ ಬಿಸಿನೀರು ಸಿಗುವ ಹಾಗೆ ಮಾಡಿಸಿ, ರಾಡ್ ತಾನಾಗೇ ಕಮ್ಮಿ ಆಗುತ್ತದೆ. ಮೇನ್ ಸ್ವಿಚ್ ಎಲ್ಲಿದೆ ಅಂತ ಪ್ರತಿ ಮಹಡಿಯಲ್ಲಿ ಇಬ್ಬರಿಗಾದರೂ ಗೊತ್ತಿರಲಿ. ಕರೆಂಟ್ ಆಫ್ ಮಾಡದೆ ನೀರು ಎರಚಬಾರದು.

ಅಡುಗೆಮನೆಯನ್ನು ಮರೆಯಬೇಡಿ. ಅಲ್ಲಿರೋದು 19 ಕೆಜಿ ಸಿಲಿಂಡರ್. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೇ ಹರಡಿ ನಿಲ್ಲುತ್ತದೆ. ವಾಸನೆ ಬಂದರೆ ಲೈಟ್ ಹಾಕಲೂಬಾರದು, ಆರಿಸಲೂಬಾರದು. ಸಿಲಿಂಡರ್ ಬಂದ್ ಮಾಡಿ, ಬಾಗಿಲು ತೆಗೆದು, ಹೊರಗೆ ಬಂದು ಗ್ಯಾಸ್ ಸೋರಿಕೆಯ ತುರ್ತು ನಂಬರ್ 1906ಕ್ಕೆ ಫೋನ್ ಮಾಡಿ. ಇದನ್ನು ಅಡುಗೆಯವರ ಜೊತೆ ಕೂತು ಮಾತಾಡಿ. ಅವರಿಗೆ ಇಂಗ್ಲಿಷ್ ನೋಟಿಸ್ ಅಂಟಿಸಿ ಏನು ಪ್ರಯೋಜನ?

ಬೆಂಕಿ ಆರಿಸೋ ಸಿಲಿಂಡರ್‌ನ ಮೀಟರ್ ಮುಳ್ಳು ಹಸಿರು ಭಾಗದಲ್ಲಿದೆಯಾ ನೋಡಿ. ಪಿನ್ ಎಳೆದು ಬೆಂಕಿಯ ಬುಡಕ್ಕೆ ಹಿಡಿಯಬೇಕು, ಜ್ವಾಲೆಗಲ್ಲ. ಒಂದು ನಿಮಿಷವೂ ಬರುವುದಿಲ್ಲ, ಹಾಗಾಗಿ ಬೆಂಕಿ ಸಣ್ಣದಿದ್ದಾಗ ಮಾತ್ರ. ಹೊಗೆ ಇದ್ದರೆ ಬಗ್ಗಿ ನಡೆಯಿರಿ, ಲಿಫ್ಟ್ ಇದ್ದರೂ ಹತ್ತಬೇಡಿ.

ಪೊಲೀಸ್, ಫೈರ್, ಆಂಬ್ಯುಲೆನ್ಸ್ ಮೂರಕ್ಕೂ 112 ಸಾಕು. ಆಂಬ್ಯುಲೆನ್ಸ್ ಮಾತ್ರ ಬೇಕಿದ್ದರೆ 108. ಗಾಬರಿಯಲ್ಲಿ ಅಡ್ರೆಸ್ ನಾಲಿಗೆಗೆ ಬರೋದಿಲ್ಲ. ಯಾವ ರಸ್ತೆ, ಯಾವ ದೇವಸ್ಥಾನದ ಎದುರು, ಎಷ್ಟನೇ ಕ್ರಾಸ್ ಅಂತ ಕನ್ನಡದಲ್ಲೇ ಬರೆದು ಗೇಟಿನ ಹತ್ತಿರ ಅಂಟಿಸಿ. ಗಾಡಿ ಬರುವ ದಾರಿಯಲ್ಲಿ ಒಬ್ಬರು ಹೋಗಿ ನಿಲ್ಲಲಿ. ನಿಮ್ಮ ಗೇಟಿನ ಮುಂದೆ ಬೈಕ್‌ಗಳ ಸಾಲು ನಿಂತಿರುತ್ತದೆ ಅಂತ ನನಗೆ ಗೊತ್ತು, ಮೊದಲು ಅದನ್ನು ತೆಗೆಸಿ.

ಬರೆದಾದ ಮೇಲೆ ಒಂದು ರಾತ್ರಿ ಹನ್ನೊಂದಕ್ಕೆ ಬೆಲ್ ಹೊಡೆದು ನೋಡಿ. ಹಗಲು ಹೊತ್ತಿನ ಡ್ರಿಲ್‌ನಲ್ಲಿ ಎಲ್ಲ ಬಾಗಿಲೂ ತೆರೆದೇ ಇರುತ್ತವೆ.