ಬಣ್ಣದ ಮನೆ: ಓದುಗರ ಪ್ರಶ್ನೆಗಳಿಗೆ ಪೆಟ್ಟಿಗೆ (ಹಾರ್ಮೋನಿಯಂ) ಮಾಸ್ತರರ ಉತ್ತರ

ಪ್ರಶ್ನೆ: ನಮ್ಮೂರ ಹಣಮಪ್ಪನ ಜಾತ್ರೆ ಯುಗಾದಿ ಮುಗಿದ ಮೇಲೆ ಬರುತ್ತದೆ. ಹುಡುಗರೆಲ್ಲ ಸೇರಿ ನಾಟ್ಯ ಸಂಘ ಕಟ್ಟಿದ್ದೇವೆ. ತಾಲೀಮು ಯಾವಾಗ ಶುರು ಮಾಡಬೇಕು?
– ಓದುಗರು, ಮುಧೋಳ ತಾಲೂಕು

ತಾಲೀಮಿನ ಮಾತು ಆಮೇಲೆ, ಮೊದಲು ಕಬ್ಬಿನ ಮಾತು. ನಿಮ್ಮ ಕಡೆ ದೀಪಾವಳಿಯ ಆಸುಪಾಸಿನಲ್ಲಿ ಸಕ್ಕರೆ ಕಾರ್ಖಾನೆ ಚಾಲೂ ಆಯಿತೆಂದರೆ ಟ್ರ್ಯಾಕ್ಟರ್ ಹೊಡೆಯುವ ಹುಡುಗರು ರಾತ್ರಿ ಊರಲ್ಲಿ ಸಿಗುವುದಿಲ್ಲ. ನೀವು ಸೇನಾಪತಿಯನ್ನು ಕೂಗುತ್ತಿರುತ್ತೀರಿ, ಅವನು ಕಾರ್ಖಾನೆಯ ಗೇಟಿನ ಮುಂದೆ ಪಾಳಿ ಹಚ್ಚಿ ಮಲಗಿರುತ್ತಾನೆ. ಆದ್ದರಿಂದ ಪುಸ್ತಕ ಆರಿಸುವ ಕೆಲಸವನ್ನು ಶ್ರಾವಣದಲ್ಲೇ ಮುಗಿಸಿ. ಗುಡಿಯ ಕಟ್ಟೆಯ ಮೇಲೆ ಕೂತು ಇಡೀ ನಾಟಕವನ್ನು ಒಬ್ಬರು ಗಟ್ಟಿಯಾಗಿ ಓದಬೇಕು, ಉಳಿದವರು ಕೇಳಬೇಕು. ಹೆಸರು ನೋಡಿ ನಾಟಕ ಆರಿಸಿದ ಸಂಘಗಳು ಎರಡನೆಯ ಅಂಕದಲ್ಲಿ ಬೆವರುವುದನ್ನು ಬೇಕಾದಷ್ಟು ಕಂಡಿದ್ದೇನೆ.

ಓದುವಾಗ ಸ್ತ್ರೀ ಪಾತ್ರಗಳೆಷ್ಟು ಎಂದು ಎಣಿಸಿ. ಕಲಾವಿದೆಯರು ಹೊರಗಿನಿಂದ ಬರುವವರು, ಬರುವುದೂ ನಾಟಕದ ಹಿಂದಿನ ದಿನ, ಇಲ್ಲವೇ ಅದೇ ದಿನ ಸಂಜೆ. ಹತ್ತಾರು ಊರುಗಳಲ್ಲಿ ಆಡಿದ ನಾಟಕವಾದರೆ ಮಾತು ಅವರ ನಾಲಿಗೆಯ ಮೇಲೆಯೇ ಇರುತ್ತದೆ. ಹೊಸ ನಾಟಕವಾದರೆ ಮೊದಲೇ ಕರೆಸಬೇಕು, ಅಷ್ಟೂ ದಿನಗಳ ಸಂಭಾವನೆ ಕೊಡಬೇಕು. ನಮ್ಮ ಊರುಗಳಲ್ಲಿ ಅವೇ ನಾಟಕಗಳು ತಿರುತಿರುಗಿ ಬರುವುದಕ್ಕೆ ಜನರ ಅಭಿರುಚಿಯನ್ನು ಬೈಯುವವರು ಈ ಲೆಕ್ಕವನ್ನೂ ನೋಡಬೇಕು. ಹಳೆಯ ಹುನಗುಂದ ತಾಲೂಕು ಒಂದೇ ನಾಟಕಕಾರರಾದ ಕಂದಗಲ್ಲ ಹಣಮಂತರಾಯರನ್ನೂ ಪಿ.ಬಿ. ಧುತ್ತರಗಿಯವರನ್ನೂ ಕೊಟ್ಟಿದೆ. ಅವರಂಥವರ ನಾಟಕಗಳು ಉಳಿದದ್ದರಲ್ಲಿ ಈ ಹೆಣ್ಣುಮಕ್ಕಳ ನೆನಪಿನ ಪಾಲೂ ಇದೆ.

ಸೀಗೆ ಹುಣ್ಣಿಮೆಗೆ ಪಾರ್ಟು ಹಂಚಿ. ಪ್ರತಿಯೊಬ್ಬನೂ ತನ್ನ ಮಾತನ್ನು ತನ್ನ ಕೈಯಿಂದಲೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ, ಎದುರಿನವನ ಕೊನೆಯ ಮಾತನ್ನು ಕೆಂಪು ಶಾಯಿಯಲ್ಲಿ. ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡವನಿಗೆ ತನ್ನ ಮಾತು ಬರುತ್ತದೆ, ಅದನ್ನು ಯಾವಾಗ ಆಡಬೇಕೆಂಬುದು ಬರುವುದಿಲ್ಲ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಿ ಬಂದ ಮೇಲೆ ಕೂತು ಓದುವ ತಾಲೀಮು, ಶಿವರಾತ್ರಿಯ ನಂತರ ನಿಂತು ಆಡುವುದು, ಹೋಳಿ ಮುಗಿದ ಮೇಲೆ ಪೆಟ್ಟಿಗೆ, ತಬಲಾ.

ನಡುವೆ ಬನದ ಹುಣ್ಣಿಮೆ ಬರುತ್ತದೆ. ಸಂಘದವರೆಲ್ಲ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗಿ, ವೃತ್ತಿ ನಾಟಕ ಕಂಪನಿಗಳ ಡೇರೆಯಲ್ಲಿ ಟಿಕೆಟ್ ತೆಗೆದು ಕೂತುಕೊಳ್ಳಿ. ನಾಯಕನನ್ನು ನೋಡಬೇಡಿ, ಪರದೆ ನೋಡಿ. ಮುಂದೆ ರಸ್ತೆಯ ಪರದೆ ಬೀಳುತ್ತದೆ, ಹಾಸ್ಯದವನು ಬಂದು ಹೆಂಡತಿಯೊಡನೆ ಜಗಳ ತೆಗೆಯುತ್ತಾನೆ, ನೀವು ನಗುತ್ತೀರಿ. ಅಷ್ಟರಲ್ಲಿ ಹಿಂದೆ ಗುಡಿಸಲು ಹೋಗಿ ದರ್ಬಾರು ಬಂದಿರುತ್ತದೆ. ಹಳ್ಳಿಯ ನಾಟಕ ಬೀಳುವುದು ಅಭಿನಯದಿಂದಲ್ಲ. ದೃಶ್ಯ ಮುಗಿದು ಮುಂದಿನದು ಏಳುವವರೆಗೆ ಜನ ಖಾಲಿ ರಂಗವನ್ನು ನೋಡುತ್ತಾ ಕೂರುವುದರಿಂದ ಬೀಳುತ್ತದೆ. ಪರದೆಯ ಹಗ್ಗ ಹಿಡಿಯುವವನಿಗೂ ತಾಲೀಮು ಬೇಕು. ನೀವು ಅವನನ್ನು ನಾಟಕದ ರಾತ್ರಿಯೇ ಹುಡುಕುತ್ತೀರಿ ಎಂದು ನನಗೆ ಗೊತ್ತು.

ಪ್ರಶ್ನೆ: ಹೆಚ್ಚು ವರ್ಗಣಿ (ಚಂದಾ) ಕೊಟ್ಟವನಿಗೆ ನಾಯಕನ ಪಾರ್ಟು ಎಂದು ಹಿರಿಯರು ತೀರ್ಮಾನಿಸಿದ್ದಾರೆ. ಅವನಿಗೆ ಕಂಠವೂ ಇಲ್ಲ, ನೆನಪೂ ಇಲ್ಲ. ಏನು ಮಾಡಲಿ?
– ಸಂಘದ ಕಾರ್ಯದರ್ಶಿ, ಸವದತ್ತಿ ತಾಲೂಕು

ಕೊಟ್ಟುಬಿಡಿ. ಅವನ ಹಣ ತಿರುಗಿಸಿದರೆ ಸೀನರಿಯ ಬಾಡಿಗೆ ನೀವು ಕೊಡುತ್ತೀರಾ? ಆದರೆ ಅವನ ಹಾಡುಗಳನ್ನು ನಾಯಕಿಗೆ ದಾಟಿಸಿ, ಉದ್ದನೆಯ ಮಾತುಗಳನ್ನು ಕತ್ತರಿಸಿ, ಇದ್ದವರಲ್ಲಿ ಗಟ್ಟಿಯಾದವನಿಗೆ ಖಳನಾಯಕನ ಪಾರ್ಟು ಕೊಡಿ. ನಮ್ಮ ಸಾಮಾಜಿಕ ನಾಟಕಗಳಲ್ಲಿ ಕಥೆಯನ್ನು ಎಳೆಯುವವನು ಖಳನಾಯಕನೇ, ನಾಯಕ ಹೆಚ್ಚಾಗಿ ಎಳೆಸಿಕೊಳ್ಳುವವನು. ಪಕ್ಕದ ಪರದೆಯ ಹಿಂದೆ ಪುಸ್ತಕ ಹಿಡಿದು ಮಾತು ಕೊಡುವವನನ್ನು ಮಾತ್ರ ಚೆನ್ನಾಗಿ ಆರಿಸಿ. ಕಥೆಯಲ್ಲಿ ಮುಳುಗಿ ಅಳುವವನು ಆ ಕೆಲಸಕ್ಕೆ ಬೇಡ. ನಿಮ್ಮ ತಾಲೂಕಿನ ಏಣಗಿಯಿಂದ ಬಂದ ಬಾಳಪ್ಪನವರು ಬಾಲಕನಾಗಿ ಕಂಪನಿ ಸೇರಿ, ಸ್ತ್ರೀ ಪಾತ್ರ ಮಾಡಿ, ಆಮೇಲೆ ಬಸವಣ್ಣನಾಗಿ ನಿಂತವರು. ವರ್ಗಣಿ ಕೊಟ್ಟ ಗೃಹಸ್ಥನಿಗೆ ಈ ಮಾತನ್ನು ಯಾರಾದರೂ ಮೆಲ್ಲಗೆ ತಿಳಿಸಬಹುದು. ಫಲ ಸಿಗುವ ಭರವಸೆ ನನಗಿಲ್ಲ.

ಪ್ರಶ್ನೆ: ನಾಟಕದ ನಡುವೆ ನಟರಿಗೆ ಆಹೇರಿ (ಉಡುಗೊರೆ) ಮಾಡುವುದನ್ನು ನಿಲ್ಲಿಸಬಹುದೇ?
– ಓದುಗರು, ಸಿಂದಗಿ

ನಿಲ್ಲಿಸಿದರೆ ಬೀಗರು ಮುನಿಯುತ್ತಾರೆ. ಬೀಳಗಿ ಕಡೆಯ ಒಂದು ಊರಿನಲ್ಲಿ ಬಡ ರೈತನ ಪಾರ್ಟಿನವನು ಹರಿದ ಅಂಗಿ ತೊಟ್ಟು ನಿಂತಿದ್ದ. ಸೋದರಮಾವ ರಂಗವೇರಿ ಹೂವಿನ ಹಾರ ಹಾಕಿ, ಟವೆಲ್ ಹೊದಿಸಿ, ಬೆರಳಿಗೆ ಬಂಗಾರದ ಉಂಗುರ ತೊಡಿಸಿ ಇಳಿದ. ಮೈಕಿನಲ್ಲಿ ಉಂಗುರದ ತೂಕವನ್ನೂ ಕೂಗಿದರು. ಆ ಹುಡುಗ ಅದೇ ಕೈ ಚಾಚಿ ಆಡಬೇಕಾದ ಮುಂದಿನ ಮಾತು: “ಮನೆಯಲ್ಲಿ ಒಂದು ಹಿಡಿ ಜೋಳವಿಲ್ಲ ಸಾಹುಕಾರರೇ.” ನಾನು ಪೆಟ್ಟಿಗೆಯ ಮೇಲೆ ತಲೆಯಿಟ್ಟು ನಕ್ಕೆ. ಮೊದಲನೆಯ ಅಂಕ ಮುಗಿದ ಮೇಲೆ ಒಂದು ಹೊತ್ತು ಗೊತ್ತುಮಾಡಿ, ಎಲ್ಲರ ಆಹೇರಿಯನ್ನು ಅಲ್ಲಿಯೇ ಮುಗಿಸಿ.

ಪ್ರಶ್ನೆ: ರಾತ್ರಿ ಮೈಕ್ ಬಂದ್ ಮಾಡಿ ಎಂದು ಪೊಲೀಸರು ಹೇಳುತ್ತಾರೆ. ನಾಟಕ ಬರೆದವರ ಪರವಾನಗಿಯೂ ಬೇಕೇ?
– ಓದುಗರು, ಗೋಕಾಕ

ಎರಡು ಬೇರೆ ಮಾತು. 2000ದ ಶಬ್ದ ಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗಾಗಿ ವರ್ಷದಲ್ಲಿ 15 ದಿನ ಮೀರದಂತೆ ರಾತ್ರಿ 12ರವರೆಗೆ ಸರ್ಕಾರ ಸಡಿಲಿಕೆ ಕೊಡಬಹುದು. ಬೆಳಗಿನವರೆಗೆ ಆಡುವುದು ನಮ್ಮ ರೂಢಿ ನಿಜ, ಆದರೆ ಆ ರೂಢಿಯಲ್ಲಿ ನಾಟಕಕ್ಕಿಂತ ಉದ್ಘಾಟನೆಯ ಭಾಷಣ, ಸನ್ಮಾನಗಳೇ ಹೊತ್ತು ತಿನ್ನುತ್ತವೆ. ಅವನ್ನು ಹಗಲು ಮುಗಿಸಿ, ಏಳಕ್ಕೆ ಪರದೆ ಎತ್ತಿ.

ಪರವಾನಗಿಯ ವಿಷಯ: ಹವ್ಯಾಸಿ ಸಂಘವು ಟಿಕೆಟ್ ಇಲ್ಲದೆ, ಅಥವಾ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಆಡಿದರೆ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೆಯ ಕಲಮು ರಿಯಾಯಿತಿ ಕೊಟ್ಟಿದೆ. ಟಿಕೆಟ್ ಇಟ್ಟು ಸಂಘಕ್ಕೆ ಗಳಿಸುವುದಾದರೆ ಕೇಳಲೇಬೇಕು. ಲೇಖಕರು ತೀರಿಕೊಂಡು 60 ವರ್ಷವಾಗಿರದಿದ್ದರೆ ಅವರ ಮನೆಯವರನ್ನು ಕೇಳಿ. ಹೇಗೂ ಪುಸ್ತಕವನ್ನು ಝೆರಾಕ್ಸ್ ಮಾಡಿಸದೆ ಕೊಂಡುಕೊಳ್ಳಿ.

ಪ್ರಶ್ನೆ: ಕಳೆದ ಸಲ ಬಣ್ಣ ಹಚ್ಚಿದ ಮೇಲೆ ಮುಖವೆಲ್ಲ ಉರಿದು ಗುಳ್ಳೆಯೆದ್ದಿತು. ಯಾಕೆ?
– ಓದುಗರು, ಇಂಡಿ

ಯಾರೋ ಹಳೆಯ ಡಬ್ಬಿ ತೆರೆದಿರಬೇಕು. ಹಿಂದೆ ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ ಅರೆಯುತ್ತಿದ್ದರು. ಮೊದಲನೆಯದರಲ್ಲಿ ಶಂಖಪಾಷಾಣದ (ಆರ್ಸೆನಿಕ್) ಅಂಶವಿದೆ, ಎರಡನೆಯದರಲ್ಲಿ ಪಾದರಸ. ಮೇಕಪ್ಪಿಗೆಂದೇ ಮಾರುವ ಬಣ್ಣ ತನ್ನಿ, ಹಿಂದಿನ ದಿನ ಮೊಣಕೈಯ ಒಳಬದಿಗೆ ಸ್ವಲ್ಪ ಹಚ್ಚಿ ನೋಡಿ. ತೆಗೆಯುವಾಗ ಮೊದಲು ಕೊಬ್ಬರಿ ಎಣ್ಣೆ, ಆಮೇಲೆ ಸಾಬೂನು. ಸೀಮೆಎಣ್ಣೆ ಬೇಡ. ಗುಳ್ಳೆ ಇನ್ನೂ ಇದ್ದರೆ ನನಗೆ ಪತ್ರ ಬರೆಯುವುದನ್ನು ಬಿಟ್ಟು ಚರ್ಮದ ವೈದ್ಯರಿಗೆ ತೋರಿಸಿ.