ಕ್ವಾರ್ಟರ್‌ಬ್ಯಾಕ್ ಮೇಲೆ ಬಿದ್ದರೆ 15 ಯಾರ್ಡ್ ದಂಡ: ನಿಯಮ ತೆಗೆಯಬೇಕಾ?

ಅಮೆರಿಕನ್ ಫುಟ್‌ಬಾಲ್‌ನ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್‌ನನ್ನು, ಅಂದರೆ ಜೊತೆಗಾರರಿಗೆ ಚೆಂಡು ಎಸೆದು ಆಟ ನಡೆಸುವವನನ್ನು, ಸ್ವಲ್ಪ ಜೋರಾಗಿ ಕೆಡವಿದರೂ 'ರಫಿಂಗ್ ದ ಪಾಸರ್' ಅಂತ ದಂಡ ಹಾಕುತ್ತಾರೆ, ಆ ನಿಯಮವನ್ನೇ ತೆಗೆದುಹಾಕಬಾರದಾ ಅಂತ ಕೇಳಿದ್ದೀರಿ. ತೆಗೆಯಬಾರದು ಅಂತಲೇ ನನ್ನ ಉತ್ತರ. ಆದರೆ ಈಗಿರುವ ಹಾಗೆ ಉಳಿಸುವುದೂ ತಪ್ಪು.

ಪಾಸ್ ಎಸೆಯುವಾಗ ಕ್ವಾರ್ಟರ್‌ಬ್ಯಾಕ್‌ನ ಕಣ್ಣು ದೂರದಲ್ಲಿ ಓಡುತ್ತಿರುವ ಜೊತೆಗಾರನ ಮೇಲಿರುತ್ತದೆ. ಮೈಭಾರವೆಲ್ಲ ಮುಂದಿನ ಕಾಲಿನ ಮೇಲೆ. ಆಗ ಯಾರಾದರೂ ಮಂಡಿಗೆ ಬಂದು ಬಿದ್ದರೆ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ. 2006ರ ಜನವರಿಯ ಪ್ಲೇಆಫ್‌ನಲ್ಲಿ ಸಿನ್ಸಿನಾಟಿಯ ಕ್ವಾರ್ಟರ್‌ಬ್ಯಾಕ್ ಕಾರ್ಸನ್ ಪಾಮರ್ ಮೊದಲ ಪಾಸ್ ಎಸೆಯುವಾಗಲೇ ಮಂಡಿಗೆ ದೊಡ್ಡ ಗಾಯ ಮಾಡಿಕೊಂಡರು. 2008ರಲ್ಲಿ ಟಾಮ್ ಬ್ರೇಡಿಗೂ ಮೊದಲ ಪಂದ್ಯದಲ್ಲೇ ಹಾಗಾಗಿ ಇಡೀ ಸೀಸನ್ ಹೋಯಿತು. ಈ ಎರಡು ಗಾಯಗಳಾದ ಮೇಲೆ ಮಂಡಿ ಮತ್ತು ಅದರ ಕೆಳಗಿನ ಹೊಡೆತದ ನಿಯಮ ಬಿಗಿಯಾಯಿತು. ತಲೆ, ಕುತ್ತಿಗೆಗೆ ಹೊಡೆದರೂ ದಂಡ ಇದೆ. ಇವುಗಳ ಬಗ್ಗೆ ನನಗೆ ಒಂದಿಷ್ಟೂ ತಕರಾರಿಲ್ಲ.

ಜಗಳ ಇರುವುದು ಮೈಭಾರದ ವಿಷಯದಲ್ಲಿ. 2017ರ ಅಕ್ಟೋಬರ್‌ನಲ್ಲಿ ಮಿನೆಸೋಟಾದ ಆಂಥನಿ ಬಾರ್ ಕೆಡವಿದಾಗ ಕ್ವಾರ್ಟರ್‌ಬ್ಯಾಕ್ ಆರನ್ ರಾಜರ್ಸ್ ಅವರ ಹೆಗಲ ಹತ್ತಿರದ ಮೂಳೆ ಮುರಿಯಿತು. ಆಗ ದಂಡ ಬೀಳಲಿಲ್ಲ. ಮರುವರ್ಷ ಲೀಗ್ ಕಟ್ಟುನಿಟ್ಟಾಯಿತು: ಕೆಡವಿ, ಆದರೆ ನಿಮ್ಮ ಪೂರ್ತಿ ಭಾರ ಅವನ ಮೇಲೆ ಬೀಳಬಾರದು.

ಕೇಳಲು ಸರಳ. ಆದರೆ 120, 140 ಕೆಜಿಯ ಆಟಗಾರ ಓಡಿಬಂದು ಒಬ್ಬನನ್ನು ತಬ್ಬಿ ಉರುಳಿದ ಮೇಲೆ ಗಾಳಿಯಲ್ಲಿ ಎಲ್ಲಿಗೆ ಹೋಗಬೇಕು? 2018ರ ಸೆಪ್ಟೆಂಬರ್‌ನಲ್ಲಿ ಮಯಾಮಿಯ ವಿಲಿಯಂ ಹೇಯ್ಸ್ ಇದನ್ನೇ ಪಾಲಿಸಲು ನೋಡಿದರು. ಎದುರಾಳಿ ಕ್ವಾರ್ಟರ್‌ಬ್ಯಾಕ್ ಡೆರೆಕ್ ಕಾರ್ ಮೇಲೆ ಭಾರ ಹಾಕಬಾರದು ಅಂತ ಹೊರಳುವಾಗ ಅವರದೇ ಮಂಡಿಯ ಲಿಗಮೆಂಟ್ ಹರಿಯಿತು. ಹೀಗೆ ಹೇಳಿದ್ದು ಅವರ ತಂಡದ ಕೋಚ್. ಈ ಚರ್ಚೆಯಲ್ಲಿ ನನಗೆ ಅತಿ ಹೆಚ್ಚು ನೋವು ಕೊಡುವ ಘಟನೆ ಇದು. ಕ್ವಾರ್ಟರ್‌ಬ್ಯಾಕ್‌ನ ಮಂಡಿಗೆ ಇರುವ ಬೆಲೆ ಹೇಯ್ಸ್ ಮಂಡಿಗೂ ಇರಬೇಕಲ್ವಾ?

2022ರ ಅಕ್ಟೋಬರ್‌ನಲ್ಲಿ ಕ್ಯಾನ್ಸಸ್ ಸಿಟಿಯ ಕ್ರಿಸ್ ಜೋನ್ಸ್ ಅದೇ ಡೆರೆಕ್ ಕಾರ್‌ನನ್ನು ಹಿಂದಿನಿಂದ ಹಿಡಿದರು. ಬೀಳುವಷ್ಟರಲ್ಲಿ ಚೆಂಡನ್ನೂ ಕಸಿದುಕೊಂಡಿದ್ದರು. ಒಂದು ಕೈಯಲ್ಲಿ ಚೆಂಡು, ಇನ್ನೊಂದು ಕೈಯನ್ನು ಭಾರ ತಡೆಯಲೆಂದು ನೆಲಕ್ಕೆ ಊರಿದ್ದರು. ಆದರೂ ದಂಡ. ಚೆಂಡು ವಾಪಸ್ ಎದುರಾಳಿಗೆ ಹೋಯಿತು. ಅದರ ಹಿಂದಿನ ದಿನವೇ ಅಟ್ಲಾಂಟಾದ ಗ್ರೇಡಿ ಜಾರೆಟ್ ಬ್ರೇಡಿಯನ್ನು ಸೊಂಟ ಹಿಡಿದು ತಿರುಗಿಸಿ ಮಲಗಿಸಿದ್ದಕ್ಕೆ ರೆಫರಿಯ ದಂಡದ ಬಾವುಟ ಬಿದ್ದಿತ್ತು. ಪಂದ್ಯಕ್ಕೆ ಕೆಲವೇ ನಿಮಿಷ ಬಾಕಿ, ಅಟ್ಲಾಂಟಾ 15-21ರಿಂದ ಹಿಂದಿತ್ತು. ಅವರಿಗೆ ಚೆಂಡು ಮತ್ತೆ ಸಿಗಲೇ ಇಲ್ಲ.

ದಂಡದ ಗಾತ್ರ ಗೊತ್ತಿದ್ದರೆ ಜನ ಯಾಕೆ ಇಷ್ಟು ಸಿಟ್ಟಾಗುತ್ತಾರೆ ಅಂತ ಅರ್ಥವಾಗುತ್ತದೆ. ಈ ಆಟದಲ್ಲಿ ನಾಲ್ಕು ಯತ್ನದಲ್ಲಿ 10 ಯಾರ್ಡ್ ಮುಂದೆ ಹೋಗಬೇಕು. ಈ ಒಂದು ತಪ್ಪಿಗೆ ಎದುರಾಳಿಗೆ 15 ಯಾರ್ಡ್ ಸಿಗುವುದಲ್ಲದೆ, ಹೊಸದಾಗಿ ನಾಲ್ಕು ಯತ್ನವೂ ಸಿಗುತ್ತದೆ. ಮೂರನೇ ಯತ್ನದಲ್ಲಿ ತಡೆದು ನಿಲ್ಲಿಸಿದ ಡಿಫೆನ್ಸ್‌ನ ಶ್ರಮವೆಲ್ಲ ಸೊನ್ನೆ. ಸಾಲದ್ದಕ್ಕೆ, ಅನುಮಾನ ಇದ್ದರೆ ದಂಡವನ್ನೇ ಹಾಕಿ ಅಂತ ನಿಯಮ ಪುಸ್ತಕವೇ ರೆಫರಿಗೆ ಹೇಳುತ್ತದೆ. ಹಾಗಾಗಿ ನಾನು ರೆಫರಿಯನ್ನು ಬೈಯಲ್ಲ. ಅವರು ಹೇಳಿದ ಕೆಲಸ ಮಾಡುತ್ತಿದ್ದಾರೆ, ಅದೂ ಕಣ್ಣು ಮಿಟುಕಿಸುವಷ್ಟು ಹೊತ್ತಲ್ಲಿ.

ವಿಡಿಯೊ ನೋಡಿ ತೀರ್ಮಾನಿಸಬಹುದಲ್ಲ ಅಂತ ನಿಮಗೆ ಅನ್ನಿಸಬಹುದು. ಕೋಚ್‌ಗಳು ಈ ದಂಡವನ್ನು ಪ್ರಶ್ನಿಸಲು ಅವಕಾಶ ಕೊಡಿ ಅಂತ 2023ರಲ್ಲಿ ಲಾಸ್ ಏಂಜಲಿಸ್ ರ‍್ಯಾಮ್ಸ್ ತಂಡ ಪ್ರಸ್ತಾಪ ಇಟ್ಟಿತ್ತು. ಉಳಿದ ತಂಡಗಳ ಬೆಂಬಲ ಸಿಗಲಿಲ್ಲ. ಪಾಸ್ ಇಂಟರ್‌ಫೆರೆನ್ಸ್‌ಗೆ (ಪಾಸ್ ಹಿಡಿಯುವವನಿಗೆ ಅಡ್ಡಿ ಮಾಡುವ ತಪ್ಪಿಗೆ) 2019ರಲ್ಲಿ ವಿಡಿಯೊ ಪರಿಶೀಲನೆ ತಂದು ಒಂದೇ ಸೀಸನ್‌ಗೆ ಕೈಬಿಟ್ಟ ಕಹಿ ನೆನಪು ಆಗಿನ್ನೂ ಹಳೆಯದಾಗಿರಲಿಲ್ಲ ಅನ್ನುವುದು ನನ್ನ ಊಹೆ.

ವಿಡಿಯೊಗಿಂತ ಸುಲಭದ ದಾರಿ ನಿಯಮ ಪುಸ್ತಕದಲ್ಲೇ ಇದೆ. ಚೆಂಡು ಒದೆಯುವ ಕಿಕರ್‌ಗೆ ಸುಮ್ನೆ ತಾಗಿದರೆ 5 ಯಾರ್ಡ್, ಹೊಸ ಯತ್ನ ತಾನಾಗಿ ಸಿಗಲ್ಲ. ಜೋರಾಗಿ ಗುದ್ದಿದರೆ 15 ಯಾರ್ಡ್ ಮತ್ತು ಹೊಸ ಯತ್ನ. ಕಿಕರ್ ವಿಷಯದಲ್ಲಿ ರೆಫರಿ ಈ ವ್ಯತ್ಯಾಸ ಗುರುತಿಸಬಲ್ಲರು ಅಂದಮೇಲೆ, ಕ್ವಾರ್ಟರ್‌ಬ್ಯಾಕ್ ವಿಷಯದಲ್ಲಿ ಯಾಕಾಗಲ್ಲ? ತಲೆ, ಮಂಡಿಗೆ ಹೊಡೆದರೆ ಈಗಿನ 15 ಇರಲಿ. ಬೀಳುವಾಗ ಮೈಭಾರ ಬಿದ್ದರೆ 5 ಸಾಕು. ಆಗಲೂ ರೆಫರಿಯಿಂದ ತಪ್ಪಾಗಬಹುದು, ಆದರೆ ಆ ಒಂದು ತಪ್ಪಿಗೆ ಇಡೀ ಪಂದ್ಯ ಕೈತಪ್ಪುವುದು ತುಂಬಾ ಕಡಿಮೆಯಾಗುತ್ತದೆ.